ಸುಣ್ಣ ಕಚ್ಚಿದ ಪೊರೆ

ಯಗಟಿಯ ನೀರಿನ ರುಚಿ ಕುಡಿದವರಿಗೇ ಗೊತ್ತು. ಬೇಳೆ ಬೇಯದು, ಸೋಪು ನೊರೆ ಬಿಡದು. ಅಂಥ ಊರಿಗೆ ಎಂಬತ್ತೇಳರಲ್ಲಿ ಪ್ರಯೋಗಕ್ಕೆಂದು ಸಿಹಿನೀರಿನ ಮೆಷಿನ್ ಬಂತು. ಐಟಿಐ ಮುಗಿಸಿ ಅರಳಿಕಟ್ಟೆ ಸವೆಸುತ್ತಿದ್ದ ಶಿವಮೂರ್ತಪ್ಪ ಅದರ ಆಪರೇಟರ್ ಆದ.

ಬೋರ್‌ವೆಲ್ ನೀರನ್ನು ತೆಳು ಪೊರೆಯ ಮೂಲಕ ಒತ್ತಿ ಉಪ್ಪು ಬೇರ್ಪಡಿಸುವ ಯಂತ್ರ ಅದು. ನೀರಿನಲ್ಲಿರುವ ಸುಣ್ಣ ಪೊರೆಗೆ ಕಚ್ಚದಿರಲೆಂದು ಗಾಜಿನ ಚೂರಿನಂಥ ಔಷಧಿ ಕರಗಿಸಿ ಹನಿಹನಿಯಾಗಿ ಬಿಡಬೇಕಿತ್ತು. ಊಟ ಬಿಟ್ಟರೂ ಇದನ್ನು ಬಿಡಬೇಡ ಎಂದು ಮೆಷಿನ್ ಕೂರಿಸಿದ ಇಂಜಿನಿಯರ್ ಎಚ್ಚರಿಸಿದ್ದರು.

ಶ್ರಾವಣ ಬಂತು. ಅವನ ತಾಯಿ ತೀರ್ಥಮ್ಮ ಇಷ್ಟಲಿಂಗದ ಪೂಜೆಯಾಗದೆ ಗುಟುಕು ಕಾಫಿಯನ್ನೂ ಕುಡಿಯದವಳು. ಮೆಷಿನ್ ನೀರಿಗೆ ಔಷಧಿ ಬೆರೆಸುತ್ತಾರೆಂದು ಯಾರೋ ಕಿವಿ ಊದಿದ್ದೇ ತಡ, ಅದನ್ನು ಲಿಂಗಕ್ಕೆ ಎರೆಯಲೊಲ್ಲೆ ಎಂದು ಹಟ ಹಿಡಿದಳು. ಮಂಡಿನೋವಿನಲ್ಲೇ ತೋಟದ ಬಾವಿಯಿಂದ ನೀರು ಹೊರತೊಡಗಿದಳು.

ಔಷಧಿ ಕುಡಿಯುವ ನೀರಿಗೆ ಇಳಿಯುವುದಿಲ್ಲ, ಉಪ್ಪಿನ ಜೊತೆ ಚರಂಡಿ ಸೇರುತ್ತದೆ ಎಂಬುದು ಮಗನಿಗೆ ಗೊತ್ತಿತ್ತು. ಆದರೆ ಮುದುಕಿಯೆದುರು ಕೂತು ಬಿಡಿಸಿ ಹೇಳುವ ವ್ಯವಧಾನ ದೊರೆಗಿರಬೇಕಲ್ಲ! ಶ್ರಾವಣ ಮುಗಿಯುವವರೆಗೆ ಔಷಧಿ ಹಾಕುವುದಿಲ್ಲ ಎಂದುಬಿಟ್ಟ. ಪೂಜೆಯ ವಿಷಯದಲ್ಲಿ ಸುಳ್ಳಾಡಲು ಹೆದರಿ ನಿಜಕ್ಕೂ ನಿಲ್ಲಿಸಿದ.

ತಿಂಗಳು ತುಂಬುವುದರೊಳಗೆ ನಲ್ಲಿಯ ಧಾರೆ ದಾರದಷ್ಟಾಯಿತು. ಗಾಬರಿಯಾಗಿ ಔಷಧಿ ಸುರಿದ, ಮೆಷಿನ್ ಚೇತರಿಸಿಕೊಳ್ಳಲಿಲ್ಲ. ಕಡೂರಿನಿಂದ ಇಂಜಿನಿಯರ್ ಬಂದು ಕೊಳವೆ ಬಿಚ್ಚಿದರೆ ಪೊರೆಯ ತುಂಬ ಸುಣ್ಣದ ಬಿಳಿ ಹೆಕ್ಕಳೆ. ಬಿಂದಿಗೆ ಹಿಡಿದ ಊರೆಲ್ಲ ಸುತ್ತ ನಿಂತಿತ್ತು, ತೀರ್ಥಮ್ಮನೂ ಇದ್ದಳು. ಔಷಧಿ ತಪ್ಪಿಸಿದ್ದೆಯಾ ಎಂದು ಇಂಜಿನಿಯರ್ ಕೇಳಿದರು.

"ದಿನಾ ಹಾಕಿದ್ದೀನಿ ಸಾರ್" ಎಂದ ಶಿವಮೂರ್ತಪ್ಪ.

ಅವರು ನಂಬಿದರು. ಹಾಗಾದರೆ ಈ ಊರಿನ ನೀರಿಗೆ ಮೆಷಿನ್ ಒಗ್ಗದು, ಹೊಸ ಪೊರೆ ಹಾಕಿ ಅಜ್ಜಂಪುರದ ಕಡೆ ಕೂರಿಸುತ್ತೇವೆ, ನಿನ್ನಂಥ ನಂಬಿಕಸ್ಥ ಅಲ್ಲಿಗೂ ಬೇಕು ಎಂದರು. ಆಗ ತೀರ್ಥಮ್ಮ ಮುಂದೆ ಬಂದು, ಆ ಔಷಧಿ ನಮ್ಮ ಬಿಂದಿಗೆಗೆ ಬೀಳುತ್ತಿತ್ತೇ ಎಂದು ಕೇಳಿದಳು. ಇಲ್ಲ ತಾಯಿ, ಅದೆಲ್ಲ ಚರಂಡಿಗೆ ಹೋಗುತ್ತೆ ಎಂದು ಅವರು ನಕ್ಕರು. ಅವಳು ಮಗನನ್ನೊಮ್ಮೆ ನೋಡಿ, ಖಾಲಿ ಬಿಂದಿಗೆ ಎತ್ತಿಕೊಂಡು ಮನೆಯತ್ತ ನಡೆದಳು.

ಲಾರಿಗೆ ಮೆಷಿನ್ ಏರಿಸಿದ ದಿನ ಊರವರು ಸರ್ಕಾರಕ್ಕೆ ಹಿಡಿಶಾಪ ಹಾಕಿದರು. ಒಂದೊಂದು ಶಾಪವೂ ಶಿವಮೂರ್ತಪ್ಪನ ಎದೆಗೇ ತಗಲುತ್ತಿತ್ತು. ಮನೆಗೆ ಬಂದರೆ ತಾಯಿ ಅವನ ಬಟ್ಟೆ ಮಡಿಸಿಡುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹೋಗಪ್ಪಾ" ಎಂದಳು. "ಅಲ್ಲೂ ನನ್ನಂಥ ಮುದುಕಿ ಯಾರಾದ್ರೂ ಕೇಳಿದ್ರೆ, ಒಂದ್ಗಳಿಗೆ ಕೂತ್ಕೊಂಡು ಹೇಳು ಕಣೋ. ನಂಗೂ ಅರ್ಥ ಆಗ್ತಿತ್ತು."

ತಪ್ಪಾಯಿತಮ್ಮ ಎನ್ನಬೇಕಿತ್ತು. ಇಂಜಿನಿಯರಿಗೆ ನಿಜ ಹೇಳುತ್ತೇನೆ ಎನ್ನಬೇಕಿತ್ತು. ಶಿವಮೂರ್ತಪ್ಪ ತಲೆ ತಗ್ಗಿಸಿ, ಅವಳು ಮಡಿಸಿಟ್ಟ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡ.