ಅಭಯಹಸ್ತದ ಕೆಳಗೆ

ನಾನು ಒಂದು ತಗಡಿನ ಫಲಕ. ದಾವಣಗೆರೆಯ ಪೇಂಟಿಂಗ್ ಅಂಗಡಿಯೊಂದರಲ್ಲಿ ಹುಟ್ಟಿದೆ. ನನ್ನ ಮೈಮೇಲೆ ಒಂದು ಚಿತ್ರ: ಕೊಳವೆಯಿಂದ ಹನಿ ಬೀಳುತ್ತಿದೆ, ಕೆಳಗೆ ಆಸಿಡ್ ಅರ್ಧ ತಿಂದ ಅಂಗೈ. ಅಕ್ಷರ ಬಾರದವರಿಗೂ ಅರ್ಥವಾಗಲೆಂದು ಕಾನೂನೇ ಆರಿಸಿದ ಚಿತ್ರ. ಚೆಲುವಿರಲಿಲ್ಲ, ಕೆಲಸವಿತ್ತು.

ಸಾವ್ಕಾರ್ ಚನ್ನವೀರಪ್ಪನವರ ಆಸಿಡ್ ಟ್ಯಾಂಕರಿನ ಬೆನ್ನಿಗೆ ನನ್ನನ್ನು ಬಿಗಿದರು. ಡ್ರೈವರ್ ದಾದಾಪೀರ್ ಗಾಜು ಒರೆಸಿದ ಬಟ್ಟೆಯಲ್ಲೇ ನನ್ನ ಮುಖವನ್ನೂ ಒರೆಸುತ್ತಿದ್ದ. ಹಿಂದೆ ಬರುವ ಗಾಡಿಗಳು ನನ್ನನ್ನು ಕಂಡು ದೂರ ಸರಿಯುತ್ತಿದ್ದವು. ಅಷ್ಟು ಮರ್ಯಾದೆ ಸಾವ್ಕಾರರಿಗೂ ಸಿಕ್ಕಿರಲಿಲ್ಲ.

ಆಯುಧಪೂಜೆಯ ದಿನ ಸಾವ್ಕಾರರು ಕುಂಕುಮದ ತಟ್ಟೆ ಹಿಡಿದು ನನ್ನೆದುರು ನಿಂತು ದಾದಾಪೀರನ ಮೇಲೆ ರೇಗಿದರು.

“ಥೂ! ಲಕ್ಷ್ಮಿ ಬರೋ ಗಾಡಿ ಮೇಲೆ ಮುರುಕು ಕೈ ಇಟ್ಕಂಡು ತಿರುಗ್ತೀಯಲ್ಲೋ! ಅಪಶಕುನ. ಇವತ್ತೇ ಅಳಿಸು.”

“ಸಾವ್ಕಾರ್ರೇ, ಅದು ಕಾಯ್ದೆ ಬೋರ್ಡು. ಹಿಡಿದ್ರೆ ಗಾಡಿ ಓಡಿಸಿದೋನಿಗೂ ಶಿಕ್ಷೆ, ಓಡಿಸೋಕೆ ಬಿಟ್ಟೋರಿಗೂ ಶಿಕ್ಷೆ.”

“ನಂಗೆ ಕಾಯ್ದೆ ಹೇಳ್ತೀಯಾ? ಹಂಗಾದ್ರೆ ಕೀ ಇಟ್ಟು ನಡಿ.”

ದಾದಾಪೀರ್ ಕೀ ಇಡಲಿಲ್ಲ. ಮನೆಯಲ್ಲಿ ಒಲೆ ಉರಿಯಬೇಕಿತ್ತು. ಪೇಂಟರ್ ಬಂದ. ಕರಗಿದ್ದ ಬೆರಳುಗಳನ್ನು ತುಂಬಿದ, ಬಳೆ ತೊಡಿಸಿದ, ಆಸಿಡ್ ಹನಿಗಳನ್ನು ಚಿನ್ನದ ನಾಣ್ಯ ಮಾಡಿದ. ಒಂದೇ ಮಧ್ಯಾಹ್ನದಲ್ಲಿ ನಾನು ಲಕ್ಷ್ಮಿಯ ಅಭಯಹಸ್ತವಾದೆ. ಅಂದಿನಿಂದ ಜನ ಕೈಮುಗಿದು ಹತ್ತಿರ ಬರತೊಡಗಿದರು.

ಹರಿಹರದ ಬಳಿ ಹೆದ್ದಾರಿಯಲ್ಲಿ ಟ್ಯಾಂಕರಿನ ವಾಲ್ವ್ ಸೋರಿತು. ನೆಲದಿಂದ ಹೊಗೆ ಎದ್ದಿತು. ದಾದಾಪೀರ್ ಇಳಿದು ಹಿಂದಕ್ಕೆ ಓಡಿಬರುವಷ್ಟರಲ್ಲಿ ಪಕ್ಕದ ಚಹಾ ಅಂಗಡಿಯ ಹೊನ್ನಮ್ಮ ಬೆಂಕಿಯೆಂದುಕೊಂಡು ಬಕೆಟ್ ನೀರು ತಂದಿದ್ದಳು.

“ನೀರು ಹಾಕ್ಬ್ಯಾಡಕ್ಕಾ! ಆಸಿಡ್ ಐತಿ!”

“ಆಸಿಡ್ ಗಾಡಿಗೆ ಯಾರಾದ್ರೂ ಲಕ್ಷ್ಮಿ ಬರೆಸ್ತಾರೇನೋ?” ಎನ್ನುತ್ತಲೇ ಎರಚಿದಳು.

ನೀರು ಬಿದ್ದ ಆಸಿಡ್ ಕುದಿದು ಸಿಡಿಯಿತು. ನನ್ನ ಮೇಲೆ ಬಣ್ಣ ಬಳಿದು ಮುಚ್ಚಿದ್ದ ಹಳೆಯ ಚಿತ್ರ ಅವಳ ಬಲಗೈ ಮೇಲೆ ಮೂಡಿತು.

ಕೋರ್ಟಿನಲ್ಲಿ ನಾನು ಮುದ್ದೆಮಾಲು, ಅಂದರೆ ಬಾಯಿಲ್ಲದ ಸಾಕ್ಷಿ. ಸಾವ್ಕಾರರ ವಕೀಲರು ನನ್ನನ್ನು ತೋರಿಸಿ, “ಇದು ಡ್ರೈವರ್ ತನ್ನ ಭಕ್ತಿಗೆ ಬರೆಸಿಕೊಂಡದ್ದು ಸ್ವಾಮಿ. ನಮ್ಮ ಕಕ್ಷಿದಾರರಿಗೆ ಗೊತ್ತೇ ಇಲ್ಲ” ಎಂದರು.

ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿದರು. “ಏನಪ್ಪಾ ದಾದಾಪೀರ್, ಲಕ್ಷ್ಮೀಪೂಜೆ ಯಾವಾಗಿನಿಂದ?”

“ಸಾವ್ಕಾರ್ರು ಮಾಡಿಸಿದಾಗಿಂದ, ಸ್ವಾಮಿ.”

ಕೋರ್ಟು ನಕ್ಕಿತು. ಸುಳ್ಳು ನಿಲ್ಲಲಿಲ್ಲ. ಇಬ್ಬರಿಗೂ ಒಂದೇ ಶಿಕ್ಷೆಯಾಯಿತು: ದಂಡ, ಕಟ್ಟದಿದ್ದರೆ ಸೆರೆ. ಸಮಾನತೆ ಎಂದರೆ ಇದೇ ಇರಬೇಕು. ಸಾವ್ಕಾರರು ಅಂಗಿ ಜೇಬಿನಿಂದಲೇ ಕಟ್ಟಿ ಊಟದ ಹೊತ್ತಿಗೆ ಮನೆ ಸೇರಿದರು. ದಾದಾಪೀರ್ ಜೈಲು ಸೇರಿದ. ಬ್ಯಾಂಡೇಜಿನ ಕೈ ಎತ್ತಿ ಹೊನ್ನಮ್ಮ, “ಇದಕ್ಕೇನ್ರೀ?” ಎಂದಳು.

“ಅದಕ್ಕೆ ಬೇರೆ ಕೇಸ್ ಹಾಕ್ಬೇಕಮ್ಮಾ” ಎಂದ ಪೇದೆ.

ಈಗ ಮುದ್ದೆಮಾಲು ಕೋಣೆಯ ಮೂಲೆಯಲ್ಲಿ, ತುಕ್ಕು ಹಿಡಿದ ಮಚ್ಚುಗಳ ನಡುವೆ ಬಿದ್ದಿದ್ದೇನೆ. ಬಣ್ಣ ಕಳಚುತ್ತಿದೆ. ಮೊದಲು ಬಳೆ ಹೋಯಿತು, ಆಮೇಲೆ ನಾಣ್ಯಗಳು. ಅಡಿಯಿಂದ ನನ್ನ ನಿಜವಾದ ಅಂಗೈ ಮತ್ತೆ ಎದ್ದುಬಂದು, ಬೀಗ ಹಾಕಿದ ಬಾಗಿಲಿಗೆ ಎಚ್ಚರಿಕೆ ಹೇಳುತ್ತಿದೆ. ಸಾವ್ಕಾರರ ಹೊಸ ಟ್ಯಾಂಕರು ಹೊರಗೆ ಹಾರ್ನ್ ಹೊಡೆದು ಹೋದಾಗಲೆಲ್ಲ ಮುಷ್ಟಿ ಕಟ್ಟೋಣ ಅನ್ನಿಸುತ್ತದೆ.

ಬೆರಳುಗಳಿಲ್ಲ.