ಚಿತ್ರ ಬರೆಯುವವನು ಒಳಗಿಲ್ಲ

ಟಿ.ವಿ. ಕೆಳಗಿನ ಕಪಾಟಿನಲ್ಲಿ ಹೆಂಡತಿ ನನಗೆಂದು ಬಿಟ್ಟುಕೊಟ್ಟ ಜಾಗ ಒಂದು ಗೇಣು ಎತ್ತರ, ಒಂದೂವರೆ ಗೇಣು ಅಗಲ. ಮನೆಯಲ್ಲಿ ಗುಡ್ಡೆ ಬಿದ್ದಿದ್ದ ಸಿನಿಮಾ, ಹಾಡು, ಹದಿನಾಲ್ಕು ವರ್ಷದ ಫೋಟೋಗಳನ್ನೆಲ್ಲ ಟಿ.ವಿ.ಯಲ್ಲಿ ತೋರಿಸುವಂಥ ಕಂಪ್ಯೂಟರೊಂದನ್ನು ನಾನೇ ಜೋಡಿಸಿ ಅಲ್ಲಿ ಕೂರಿಸಬೇಕಿತ್ತು.

"ಸದ್ದು ಮಾಡೋ ಫ್ಯಾನ್ ಬೇಡ," ಎಂದಳು.

ನನ್ನ ಮಿಮಿಕ್ರಿಗೇ ಈ ಮನೆಯಲ್ಲಿ ಫ್ಯಾನ್ ಇಲ್ಲ. ಒಪ್ಪಿಕೊಂಡೆ.

"ಇನ್ನೊಂದು ವಿಷ್ಯ ರೀ. ಮಿಕ್ಸಿ ಆಯ್ತು, ಕಾಲಿಂಗ್ ಬೆಲ್ ಆಯ್ತು, ಇಸ್ತ್ರಿ ಪೆಟ್ಟಿಗೆ ಆಯ್ತು. ನೀವು ಮುಟ್ಟಿದ್ಮೇಲೆ ಒಂದೂ ಉಸಿರಾಡಿಲ್ಲ. ಇದೂ ಹಾಗೇ ಆದ್ರೆ ನಿಮ್ಮ ಸ್ಕ್ರೂಡ್ರೈವರ್ ಡಬ್ಬ ನನ್ನ ತಮ್ಮನ ಕೈಗೆ."

ಆ ನೀಲಿ ಡಬ್ಬವನ್ನು ನಾನು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕೊಂಡಿದ್ದೆ. ಅದು ಕೈಬಿಟ್ಟರೆ ಈ ಮನೆಯಲ್ಲಿ ನಾನು ಗಂಡನಾಗಿ ಉಳಿಯುತ್ತೇನೆ, ಗಂಡಸಾಗಿ ಅಲ್ಲ. ಪೈಪೋಟಿಗಿದ್ದವನಾದರೋ ನನ್ನ ಬಾಮೈದ: ಲಿಫ್ಟ್ ಮೆಕ್ಯಾನಿಕ್. ಅವನು ಮುಟ್ಟಿದ್ದೆಲ್ಲ ಮೇಲಕ್ಕೇರುತ್ತದೆ, ನಾನು ಮುಟ್ಟಿದ್ದು ಅಟ್ಟಕ್ಕೇರುತ್ತದೆ.

ಚಿತ್ರಕ್ಕೆಂದು ಬೇರೆ ಕಾರ್ಡ್ ಹಾಕಿದರೆ ಅದಕ್ಕೊಂದು ಫ್ಯಾನು, ಆ ಫ್ಯಾನಿಗೆ ಗಾಳಿ, ಆ ಗಾಳಿಗೆ ಇನ್ನೊಂದು ಕಪಾಟು. ಹಾಗಾಗಿ ಗ್ರಾಫಿಕ್ಸ್ ಜೊತೆಗೇ ಇರುವ ಪುಟ್ಟ ಮದರ್‌ಬೋರ್ಡೇ ಗತಿ. ಮೂರು ಶನಿವಾರ ಅಂಗಡಿಗೆ ಅಲೆದೆ. ಅಂಗಡಿಯವರು ಮೂಗಿನಲ್ಲಿ ಮಾತಾಡುವ ತಾಳ್ಮೆಯ ಮನುಷ್ಯ.

"ಇದ್ರಲ್ಲಿ ಟಿ.ವಿ.ಗೆ ಹೋಗೋ ಪೋರ್ಟ್ ಎರಡಿದೆ ಅಂತಿಟ್ಕೊಳ್ಳಿ. ಇದ್ರಲ್ಲಿ ಒಂದೇ, ಆದ್ರೆ ಸೌಂಡ್ ಚೆನ್ನಾಗಿದೆ ಅಂತಿಟ್ಕೊಳ್ಳಿ."

ಎರಡು ಪೋರ್ಟಿನದನ್ನೇ ಹಿಡಿದೆ. ಡಬ್ಬಿಯ ಮೇಲೆ ಗ್ರಾಫಿಕ್ಸ್ ಎಂಬ ಪದ ಅಂಗೈ ಅಗಲಕ್ಕೆ ಅಚ್ಚಾಗಿತ್ತು.

"ಪ್ರೊಸೆಸರ್ ಯಾವುದು ಹಾಕ್ತೀರಾ?" ಎಂದು ಅವರು ಕೇಳಿದರು.

"ಮನೇಲಿದೆ. ಆನೆ ಥರ ಇದೆ," ಎಂದೆ.

ಆ ಆನೆ ಬಾಮೈದನ ಉಡುಗೊರೆ. ತನ್ನ ಗೇಮ್ ಆಡುವ ಕಂಪ್ಯೂಟರಿಗೆ ಹೊಸದು ಹಾಕಿಕೊಂಡು, ಹಳೆಯ ಪ್ರೊಸೆಸರನ್ನು ಹತ್ತಿಯಲ್ಲಿ ಸುತ್ತಿ ತಂದುಕೊಟ್ಟಿದ್ದ. ಬೋರ್ಡಿಗೆ ಅದು ಕೂರುತ್ತದೆಯೇ ಎಂದು ನೋಡಿದ್ದೆ, ಕೂರುತ್ತಿತ್ತು. ಉಳಿದದ್ದನ್ನು ಅವನಲ್ಲಿ ಕೇಳಲಿಲ್ಲ. ಡಬ್ಬದ ಮೇಲೆ ಕಣ್ಣಿಟ್ಟವನ ಬಳಿ ಪಾಠ ಹೇಳಿಸಿಕೊಳ್ಳುವುದು ಹೇಗೆ? ಅವನೂ ಕೇಳಲಿಲ್ಲ. ಭಾವನಿಗೆ ಬುದ್ಧಿ ಹೇಳಿದಂತಾಗುತ್ತದೆ ಎಂಬ ಮರ್ಯಾದೆ. ಹೀಗೆ ನಾವಿಬ್ಬರೂ ಬಹಳ ಗೌರವದಿಂದ ಹಳ್ಳಕ್ಕೆ ಬಿದ್ದೆವು.

ಭಾನುವಾರ ಮಧ್ಯಾಹ್ನ ಅಕ್ಕ ತಮ್ಮ ಇಬ್ಬರೂ ಸೋಫಾದಲ್ಲಿ ಕೂತು ನೋಡುತ್ತಿರುವಾಗ ಕೊನೆಯ ಸ್ಕ್ರೂ ಬಿಗಿದು ಸ್ವಿಚ್ ಒತ್ತಿದೆ. ದೀಪ ಹತ್ತಿತು. ಟಿ.ವಿ. ಮಾತ್ರ ಕಪ್ಪಗೆ ಉಳಿದು ನಮ್ಮ ಮೂವರ ಮುಖವನ್ನೇ ತೋರಿಸಿತು. ಬೋರ್ಡಿಗೆ ಚುಚ್ಚಿದ್ದ ಗುಂಡಿಯಷ್ಟು ಸ್ಪೀಕರ್ ಏನೋ ಕೂಗಿತು. ಕೇಬಲನ್ನು ಇನ್ನೊಂದು ಪೋರ್ಟಿಗೆ ಚುಚ್ಚಿದೆ. ಅದೇ ಕಪ್ಪು, ಅದೇ ಕೂಗು. ಪೋರ್ಟು ಎರಡಿದ್ದವು, ಸಪೋರ್ಟು ಒಂದರದೂ ಇರಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದೆ.

"ಹೇಗೆ ಕೂಗ್ತು ಹೇಳಿ," ಎಂದರು.

ಇಂಥ ಅವಕಾಶ ಜೀವಮಾನದಲ್ಲಿ ಎಷ್ಟು ಸಲ ಸಿಗುತ್ತದೆ? ಗಂಟಲು ಸರಿಮಾಡಿಕೊಂಡು, ಮೂಗನ್ನು ಎರಡು ಬೆರಳಲ್ಲಿ ಹಿಡಿದು, "ಕೂಂಂಂ... ಕುಂ, ಕುಂ, ಕುಂ," ಎಂದೆ.

"ಕೊನೇದು ಮೂರಾ, ಎರಡಾ?"

ಮತ್ತೊಮ್ಮೆ ಕೂಗಿದೆ.

"ಮಷೀನು ಪಕ್ಕದಲ್ಲೇ ಇದ್ಯಲ್ಲ," ಎಂದಳು ಹೆಂಡತಿ. "ಫೋನನ್ನ ಅದ್ರ ಹತ್ರ ಹಿಡಿದಿದ್ರೆ ಆಗ್ತಿತ್ತು."

ಅಂಗಡಿಯವರು ಪ್ರೊಸೆಸರಿನ ಪೂರ್ತಿ ಹೆಸರು ಓದಿಸಿದರು. ಆಮೇಲೆ ನಿಟ್ಟುಸಿರಿಟ್ಟರು. "ಸರ್, ಬೋರ್ಡಲ್ಲಿರೋದು ಚಿತ್ರ ಹೊರಗೆ ಹೋಗೋ ಬಾಗಿಲು ಅಷ್ಟೇ ಅಂತಿಟ್ಕೊಳ್ಳಿ. ಚಿತ್ರ ಬರೆಯೋನು ಪ್ರೊಸೆಸರ್ ಒಳಗೆ ಕೂತಿರ್ತಾನೆ. ನಿಮ್ಮದ್ರಲ್ಲಿ ಅವನಿಲ್ಲ. ಬೇರೆ ಕಾರ್ಡ್ ಇಟ್ಕೊಂಡಿರೋರಿಗೆ ಅಂತ್ಲೇ ಮಾಡಿರೋದು ಅದು."

ಫೋನು ಸ್ಪೀಕರಿನಲ್ಲಿತ್ತು. ಬಾಮೈದನ ಮುಖ ಎರಡು ಮಹಡಿ ಕೆಳಗಿಳಿಯಿತು.

ಒಂದೇ ಮಾತು ಸಾಕಿತ್ತು. ಬೋರ್ಡ್ ಸರಿಯಾಗಿದೆ, ಕೆಟ್ಟಿದ್ದು ನಿನ್ನ ತಮ್ಮನ ಆನೆ, ಎಂದುಬಿಟ್ಟರೆ ಡಬ್ಬ ನನ್ನದೇ. ಮಾತು ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಅವನು ಆ ಹತ್ತಿಯನ್ನು ಕೈಯಲ್ಲಿ ಉಂಡೆ ಮಾಡುತ್ತ ಕೂತಿದ್ದ.

"ತಪ್ಪು ನಂದೇ," ಎಂದೆ. "ಅಂಗಡಿಯವ್ರು ಯಾವ ಪ್ರೊಸೆಸರ್ ಅಂತ ಕೇಳಿದ್ರು. ನಾನು ಜಂಬ ಹೊಡೆದೆ."

"ಭಾವ, ಅದು ನಾನೂ..."

"ನೀನು ಸುಮ್ನಿರೋ," ಎಂದು ಅವನಕ್ಕ ಡಬ್ಬ ಎತ್ತಿ ಅವನ ಮಡಿಲಲ್ಲಿಟ್ಟಳು. ಮಾತಿಗೆ ತಪ್ಪುವ ವಂಶವಲ್ಲ ಅವರದು.

ಮುಂದಿನ ಭಾನುವಾರ ಅವನು ಡಬ್ಬದೊಂದಿಗೆ ಬಂದ. ಯಾರೋ ಸಹೋದ್ಯೋಗಿಯ ಜೊತೆ ಆನೆಯನ್ನು ಅದಲುಬದಲು ಮಾಡಿಕೊಂಡು, ಚಿತ್ರ ಬರೆಯುವವನು ಒಳಗಿರುವ ಪ್ರೊಸೆಸರ್ ತಂದಿದ್ದ. ಅವನ ಬೆರಳುಗಳು ಲಿಫ್ಟಿನ ಹಗ್ಗಕ್ಕೆ ಹೇಳಿ ಮಾಡಿಸಿದಂಥವು.

"ಭಾವ, ಇಷ್ಟು ಸಣ್ಣದೆಲ್ಲ ನನ್ನ ಕೈಗೆ ಒಗ್ಗಲ್ಲ. ನೀವೇ ಕೂರ್ಸಿ."

"ಹಾಗಾದ್ರೆ ಸ್ಟಾರ್ ಸ್ಕ್ರೂಡ್ರೈವರ್ ಕೊಡು. ಚಿಕ್ಕದು."

ಅವನು ಡಬ್ಬದಿಂದ ಒಂದು ನೋಟ್‌ಬುಕ್ ತೆಗೆದ. "ಇಲ್ಲೊಂದು ಸೈನ್ ಹಾಕಿ. ನಮ್ಮ ವರ್ಕ್‌ಶಾಪಲ್ಲಿ ಸೈನ್ ಇಲ್ದೆ ಒಂದು ನಟ್ಟೂ ಕೊಡಲ್ಲ. ಬೇಜಾರು ಮಾಡ್ಕೋಬೇಡಿ."

ನನ್ನ ಮನೆಯಲ್ಲಿ, ನನ್ನ ಸ್ಕ್ರೂಡ್ರೈವರಿಗೆ, ಸಮಯ ಬರೆದು ಸಹಿ ಹಾಕಿದೆ. ಪ್ರೊಸೆಸರ್ ಕೂರಿಸಿದೆ, ಸ್ಕ್ರೂ ಬಿಗಿದೆ, ಸ್ವಿಚ್ ಒತ್ತಿದೆ. ಟಿ.ವಿ. ತುಂಬ ನೀಲಿ ಬೆಳಕು ಹರಡಿತು. ಬಾಮೈದ ಸೋಫಾದ ತೋಳಿಗೆ ಬಡಿದು ನಕ್ಕ. ಅರ್ಧ ಗಂಟೆಯಲ್ಲಿ ಹದಿನಾಲ್ಕು ವರ್ಷದ ಫೋಟೋಗಳು ಹಾಡಿನ ಜೊತೆ ಒಂದೊಂದಾಗಿ ಓಡತೊಡಗಿದವು. ಎಲ್ಲದರಲ್ಲೂ ನಾನು ಕಣ್ಣು ಮುಚ್ಚಿದ್ದೆ.

ಹೊರಡುವಾಗ ಅವನು ಡಬ್ಬ ತೆರೆದು ಎಣಿಸಿದ. "ಭಾವ, ಚಿಕ್ಕ ಸ್ಟಾರ್ ವಾಪಸ್ ಬಂದಿಲ್ಲ."

"ಅಲ್ಲೇ ಎಲ್ಲೋ ಬಿದ್ದಿರುತ್ತೆ," ಎಂದೆ. "ಸಿಕ್ಕಿದ್ಮೇಲೆ ಕೊಡ್ತೀನಿ."

ಅವನು ನೋಟ್‌ಬುಕ್ಕಿನಲ್ಲಿ ಬಾಕಿ ಎಂದು ಬರೆದುಕೊಂಡು ಹೋದ. ಹೆಂಡತಿ ಟಿ.ವಿ.ಯಿಂದ ಕಣ್ಣು ತೆಗೆಯದೆ ರಿಮೋಟಿನಲ್ಲಿ ಸದ್ದು ತಗ್ಗಿಸಿದಳು.

"ರೀ, ಪ್ಯಾಂಟ್ ಒಗೆಯೋಕೆ ಹಾಕೋ ಮುಂಚೆ ಜೇಬಲ್ಲಿರೋದನ್ನ ತೆಗೆದಿಡಿ. ಹೋದ್ಸಲ ಬಟ್ಟೆ ಹರಿದಿತ್ತು."