ಸಿಡಿಲಮರಿಯ ಕೊಬ್ಬರಿ

ಲೋಕಪ್ಪ ಕೈ ಚಾಚಿದ್ದು ಬರೀ ಮುಟ್ಟುವುದಕ್ಕೆ. ಹೋರಿ ಹಬ್ಬದ ಬೇಲಿಗೆ ಎದೆಯೊತ್ತಿ ನಿಂತಿದ್ದವನ ಪಕ್ಕದಲ್ಲೇ ಸಿಡಿಲಮರಿ ಧೂಳೆಬ್ಬಿಸಿಕೊಂಡು ಹಾದುಹೋಯಿತು. ಏಳು ವರ್ಷದಿಂದ ಮೆಚ್ಚಿಕೊಂಡು ಬಂದ ಹೋರಿ, ಒಂದು ಸಲ ಬೆನ್ನು ಸವರೋಣ ಅನ್ನಿಸಿತ್ತು. ಬೆರಳಿಗೆ ಅದರ ಹಾರದ ದಾರ ಸಿಕ್ಕಿ ಫಟ್ ಎಂದಿತು. ನೋಡಿದರೆ ಅಂಗೈಯಲ್ಲಿ ಒಂದು ಕೊಬ್ಬರಿ ಗಿಟುಕು! ಸುತ್ತಲಿನವರೆಲ್ಲ ಮೊಬೈಲ್ ಎತ್ತಿಹಿಡಿದು, ಹೋರಿಯ ಹಿಂದೆ ಬಿದ್ದ ಹುಡುಗರನ್ನೇ ನೋಡುತ್ತಿದ್ದರು. ಇವನ ಕಡೆ ಯಾರ ಗಮನವೂ ಇರಲಿಲ್ಲ.

ಹೋರಿಗೆ ಕಟ್ಟಿದ ಕೊಬ್ಬರಿ ಹಾರದಿಂದ ಒಂದೇ ಗಿಟುಕು ಕಿತ್ತರೂ ಹೋರಿ ಸೋತ ಹಾಗೆ. ಕಿತ್ತವನು ಯಾರಾದರೂ ಸರಿ. ಬಂದಳಿಕೆ ಕಡೆಯ ವೀರಬಸಪ್ಪನ ಈ ಹೋರಿ ಏಳು ವರ್ಷದಲ್ಲಿ ಯಾರಿಗೂ ಒಂದು ಚೂರು ಬಿಟ್ಟುಕೊಟ್ಟಿರಲಿಲ್ಲ. ಲೋಕಪ್ಪ ಗಿಟುಕನ್ನು ಸರಕ್ಕನೆ ಜೇಬಿಗೆ ಸೇರಿಸಿದ.

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ಲೋಕಪ್ಪನದು ಕಟಿಂಗ್ ಶಾಪ್. ಮಂಗಳವಾರ ಅಂಗಡಿಗೆ ರಜೆ, ಅವನ ಆಟದ ಮಾತಿಗೆ ಮಾತ್ರ ರಜೆಯೆಂಬುದಿಲ್ಲ. ಅವನ ಕುರ್ಚಿಯಲ್ಲಿ ಕೂತವರಿಗೆ ಅಭಿಪ್ರಾಯ ಪುಕ್ಕಟೆ. ಮ್ಯಾಟ್ ಹಾಸಿದ ಮೇಲೆ ಕಬಡ್ಡಿಯ ಮಣ್ಣಿನ ವಾಸನೆಯೇ ಹೋಯಿತು. ಸಿಕ್ಸರ್ ಜಾಸ್ತಿಯಾಗಿ ಬೌಲರ್ ಜಾತಿ ಅನಾಥವಾಯಿತು. ಚೆಂಡು ಬ್ಯಾಟಿಗೆ ತಾಗಿ ಔಟಾದದ್ದು ಗೊತ್ತಿದ್ದೂ ಅಂಪೈರ್ ಮುಖ ನೋಡುತ್ತ ನಿಲ್ಲುವವನು ಆಟಗಾರನೇ ಅಲ್ಲ. ಇದೊಂದನ್ನು ಹೇಳುವಾಗ ಕತ್ತರಿ ನಿಲ್ಲಿಸಿಬಿಡುತ್ತಿದ್ದ. ಗಿರಾಕಿ ಹೂಂ ಅನ್ನದೆ ಕಟಿಂಗ್ ಮುಂದುವರಿಯುತ್ತಿರಲಿಲ್ಲ.

ಬಯಲಿನ ಕೊನೆಯಲ್ಲಿ ಹೋರಿಯನ್ನು ಹಿಡಿದು ಕಟ್ಟಿದ್ದರು. ಲೋಕಪ್ಪನೂ ಅಲ್ಲಿಗೆ ಹೋಗಿ ಗುಂಪಿನಲ್ಲಿ ನಿಂತ. ಹಬ್ಬದ ಕಮಿಟಿಯ ಗುರುಮಲ್ಲಪ್ಪ ಹಾರವನ್ನು ತಿರುಗಿಸಿ ನೋಡುತ್ತಿದ್ದ.

"ಒಂದು ಗಿಟುಕು ಕಮ್ಮಿ ಐತಲ್ರೀ."

"ಓಡಾಗ ಉದುರಿರ್ತತಿ ಬಿಡ್ರಿ," ಎಂದ ವೀರಬಸಪ್ಪ. "ನನ್ ಹೋರಿ ಕೊಬ್ಬರಿ ಹರಿದೋನು ಸುಮ್ನಿರ್ತಾನಾ? ಊರು ತುಂಬ ಮೆರವಣಿಗೆ ಮಾಡ್ಸ್ಕಂತಾನೆ."

ಸುತ್ತಲಿದ್ದವರು ನಕ್ಕರು. ಗುರುಮಲ್ಲಪ್ಪನಿಗೆ ಸಮಾಧಾನವಾಗಲಿಲ್ಲ. "ಲೋಕಪ್ಪ, ನೀನು ಬೇಲಿ ಹತ್ರಾನೇ ನಿಂತಿದ್ದೆ. ಏನಾರ ಕಂಡೆಯೇನು?"

ಇಲ್ಲ ಎಂದರೆ ಮುಗಿಯುತ್ತಿತ್ತು. ಹೋರಿಯ ಹೆಸರೂ ಉಳಿಯುತ್ತಿತ್ತು, ವೀರಬಸಪ್ಪನ ಜೊತೆಗಿನ ಇಪ್ಪತ್ತು ವರ್ಷದ ಸ್ನೇಹವೂ ಉಳಿಯುತ್ತಿತ್ತು. ಲೋಕಪ್ಪ ಒಂದು ಹೆಜ್ಜೆ ಮುಂದೆ ಬಂದ. ಜೇಬಿಗೆ ಕೈ ಹಾಕಿ ಗಿಟುಕು ತೆಗೆದ.

"ನಾನೇ ಅಣ್ಣ. ಬೆನ್ನು ಸವರಾಕೆ ಹೋದೆ, ದಾರ ಬೆರಳಿಗೆ ಸಿಕ್ಕಂತು."

ವೀರಬಸಪ್ಪ ಅವನನ್ನೇ ನೋಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹರಿದೋನಿಗೇ ಕೊಬ್ಬರಿ. ಇಟ್ಕ," ಎಂದಷ್ಟೇ ಹೇಳಿ, ಹಗ್ಗ ಬಿಚ್ಚಿಕೊಂಡು ಹೋರಿಯ ಜೊತೆ ಹೊರಟುಹೋದ. ಸಿಡಿಲಮರಿ ಸೋತಿದೆ ಎಂದು ಮೈಕಿನಲ್ಲಿ ಕೂಗಿದಾಗ ಬಯಲೆಲ್ಲ ಹೋ ಎಂದಿತು. ಲೋಕಪ್ಪನಿಗೆ ಯಾವತ್ತೂ ಅಷ್ಟು ದುಃಖವಾಗಿರಲಿಲ್ಲ.

ಆ ವಾರವೆಲ್ಲ ಅಂಗಡಿಯಲ್ಲಿ ಕತ್ತರಿಯ ಸದ್ದು ಮಾತ್ರ ಇತ್ತು. "ಏನ್ ಲೋಕಪ್ಪ, ಮೈಗೆ ಹುಷಾರಿಲ್ವಾ?" ಎಂದು ಗಿರಾಕಿಗಳು ಕೇಳಿದರು. ಹೆಂಡತಿ ಗುತ್ಯಮ್ಮ ಟಿವಿಯಲ್ಲಿ ಮ್ಯಾಚ್ ಹಾಕಿಕೊಟ್ಟರೆ ಎದ್ದು ಹೋಗಿ ಆರಿಸಿದ. ಗಿರಾಕಿಗಳಿಗೆ ಹೇಳುತ್ತಿದ್ದ ಮಾತಿಗೆ ತಾನು ತಪ್ಪಲಿಲ್ಲ ಎಂಬ ಸಮಾಧಾನ ಊಟಕ್ಕೂ ಬರಲಿಲ್ಲ, ನಿದ್ದೆಗೂ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ವೀರಬಸಪ್ಪ ಒಳಗೆ ಬಂದು, ಟವೆಲ್ ಕೊಡವಿ ಕುರ್ಚಿಯಲ್ಲಿ ಕೂತ.

"ಗಡ್ಡ ಮಾಡು."

ಲೋಕಪ್ಪ ಸೋಪು ಹಚ್ಚಿದ, ಹೊಸ ಬ್ಲೇಡು ಹಾಕಿದ. ವೀರಬಸಪ್ಪ ಕಣ್ಣು ಮುಚ್ಚಿದ್ದ.

"ಯಾಕೋ, ಬಾಯಿಗೆ ಬೀಗ ಹಾಕ್ಕಂಡೀಯಾ? ನಿನ್ನೆ ಮ್ಯಾಚ್ ಏನಾತು ಹೇಳು."

"ನಾ ನೋಡ್ಲಿಲ್ಲಣ್ಣ."

"ನೋಡ್ದಿದ್ರೇನಾತು? ನೋಡ್ದೇನೂ ಹೇಳೋನಲ್ವಾ ನೀನು!"

ಲೋಕಪ್ಪ ಬ್ಲೇಡಿನ ನೊರೆ ಒರೆಸಿದ. "ಟಾಸ್ ಗೆದ್ದು ಬೌಲಿಂಗ್ ತಗಂಡಿರ್ತಾರೆ. ಅಲ್ಲೇ ತಪ್ಪಿದ್ದು," ಎಂದ.

"ಹೂಂ," ಎಂದ ವೀರಬಸಪ್ಪ. ಕಣ್ಣು ಬಿಡದೆ, ಕತ್ತನ್ನು ಇನ್ನಷ್ಟು ಮೇಲಕ್ಕೆತ್ತಿ ಕೊಟ್ಟ.